ಬರಿಯ ಕೋಣೆಗೆ ಬೇಕಾದ ನೆರಳು: ಮೈಸೂರಿಗೆ ಬಂದ ಬರ್ಲಿನ್ ವಾಸ್ತುಶಿಲ್ಪಿ ಕೋನಿಗ್ಸ್‌ಬರ್ಗರ್

ಬೇವೂರು (ಕೊಪ್ಪಳ ಜಿಲ್ಲೆ): ಯಲಬುರ್ಗಾ ಸೀಮೆಯ ಊರುಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಮಣ್ಣಿನ ಮಾಳಿಗೆಯ ಮನೆಯನ್ನು ನಡು ಬೇಸಿಗೆಯ ಮಧ್ಯಾಹ್ನ ಹೊಕ್ಕವರಿಗೆ ಎರಡು ಸಂಗತಿಗಳು ತಟ್ಟನೆ ಅರಿವಿಗೆ ಬರುತ್ತವೆ. ಒಂದು, ಒಳಗಿನ ತಂಪು. ಇನ್ನೊಂದು, ಅಲ್ಲಿ ವಸ್ತುಗಳೇ ಇಲ್ಲದಿರುವುದು. ಪಡಸಾಲೆಯಲ್ಲಿ ಮಡಿಸಿಟ್ಟ ಕಂಬಳಿ, ಗೋಡೆಗೆ ಆನಿಸಿ ನಿಲ್ಲಿಸಿದ ಹೊರಸು, ಬಟ್ಟೆಗೊಂದು ಗೂಟ, ದೀಪಕ್ಕೊಂದು ಮಾಡ, ಮೇಲಿನ ಬೆಳಕಿಂಡಿಯಿಂದ ನೆಲಕ್ಕೆ ಬಿದ್ದ ಒಂದು ತುಂಡು ಬಿಸಿಲು. ಮಿಕ್ಕದ್ದೆಲ್ಲ ಖಾಲಿ ಜಾಗ.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಹೊಸ ಬಡಾವಣೆಗಳಲ್ಲಿ ಈಗ ಇದೇ ಖಾಲಿತನಕ್ಕೆ ಮಿನಿಮಲಿಸ್ಟ್ ವಿನ್ಯಾಸ ಎಂಬ ಹೆಸರಿದೆ, ಲಕ್ಷಗಳ ಲೆಕ್ಕದ ಬೆಲೆಯೂ ಇದೆ. ಬಸವನಗುಡಿ, ಮಲ್ಲೇಶ್ವರದ ಹಳೆಯ ಹೆಂಚಿನ ಮನೆಗಳ ಒಳಗೋಡೆ ಕೆಡವಿ, ಬಿಳಿ ಬಣ್ಣ ಬಳಿದು, ಒಂದು ಮೇಜು ಒಂದು ಗಿಡ ಇಟ್ಟು ಹೊಸ ಮನೆಯನ್ನೋ ಕಾಫಿ ಅಂಗಡಿಯನ್ನೋ ಮಾಡುವವರೂ ಕಡಿಮೆಯಿಲ್ಲ. ಆದರೆ ಗಾಜಿನ ಗೋಡೆಯ ಆ ಬರಿಯ ಕೋಣೆಯಲ್ಲಿ ಏರ್ ಕಂಡಿಷನರ್ ನಿಂತ ಅರ್ಧ ತಾಸಿಗೆ ಯಾರೂ ಕೂರಲಾರರು. ಬೇವೂರಿನ ಕಡೆಯ ಮನೆಗೂ ಇದಕ್ಕೂ ಇರುವ ಅಂತರ ಇಷ್ಟೇ, ಆದರೆ ಅದು ಸಣ್ಣ ಅಂತರವಲ್ಲ.

ಈ ಅಂತರವನ್ನು ಲೆಕ್ಕ ಹಾಕಿ, ಕೋಷ್ಟಕ ಬರೆದು, ಜಗತ್ತಿನ ಉಷ್ಣವಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ಪಾಠವಾಗಿಸಿದವರಲ್ಲಿ ಮುಖ್ಯರಾದವರು ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್. ವಾಸ್ತುಶಿಲ್ಪದ ಲೋಕದಲ್ಲಿ ದೊಡ್ಡ ಹೆಸರು. ಆ ಪಾಠವನ್ನು ಅವರು ಬಹುಪಾಲು ಕಲಿತದ್ದು ಕನ್ನಡ ನಾಡಿನಲ್ಲಿ ಎಂಬುದು ಮಾತ್ರ ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಂತಿಲ್ಲ.

ಬರ್ಲಿನ್‌ನ ಪಾಠ

ಕೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್‌ನ ಯಹೂದಿ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಜಾರ್ಜ್ ಸಹ ವಾಸ್ತುಶಿಲ್ಪಿ. ತಾಯಿ ಕೇಟೆ, ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಸೋದರಿ. ಈ ಸೋದರಮಾವನ ನಂಟು ಮುಂದೆ ಅಳಿಯನನ್ನು ಬೆಂಗಳೂರಿಗೆ ತಂದು ನಿಲ್ಲಿಸಿತು.

ಬರ್ಲಿನ್‌ನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಅವರು ಕಲಿಯುತ್ತಿದ್ದ ಕಾಲಕ್ಕೆ ಜರ್ಮನಿಯ ವಾಸ್ತುಶಿಲ್ಪ ಕುದಿಯುತ್ತಿತ್ತು. ಹಾನ್ಸ್ ಪೋಲ್ಜಿಗ್ ಮತ್ತು ಬ್ರೂನೊ ಟೌಟ್ ಅವರ ಗುರುಗಳು. ಇವರಲ್ಲಿ ಟೌಟ್ ಅವರ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. 1924ರಲ್ಲಿ ಅವರು ಹೊಸ ಮನೆ ಹೇಗಿರಬೇಕು ಎಂಬ ಬಗ್ಗೆ ಪುಸ್ತಕವೊಂದನ್ನು ಬರೆದರು. ಅದು ನೇರವಾಗಿ ಗೃಹಿಣಿಯನ್ನು ಉದ್ದೇಶಿಸಿದ ಪುಸ್ತಕ. ಅಜ್ಜನ ಕಾಲದ ಕೆತ್ತನೆಯ ಕಪಾಟು, ಗೋಡೆ ತುಂಬ ಚಿತ್ರಪಟ, ದಪ್ಪ ಪರದೆ, ಅಲಂಕಾರದ ಗೊಂಬೆ, ಇವನ್ನೆಲ್ಲ ಒರೆಸುವುದರಲ್ಲೇ ಹೆಣ್ಣಿನ ಆಯುಷ್ಯ ಕಳೆಯುತ್ತದೆ, ಆದ್ದರಿಂದ ಅವನ್ನು ಹೊರಗೆ ಹಾಕಿ ಎಂಬುದು ಅದರ ತಿರುಳು. ಇಂದು ಮಿನಿಮಲಿಸಂ ಎಂದು ಕರೆಯುವುದರ ಬೇರು ಇಲ್ಲಿ ಶ್ರೀಮಂತಿಕೆಯಲ್ಲಿರಲಿಲ್ಲ, ಮನೆಗೆಲಸದ ಹೊರೆಯಲ್ಲಿತ್ತು. 1929ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸೇರಿದ ಆಧುನಿಕ ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಸಮಾವೇಶದ ವಿಷಯವೂ ಇದೇ ಜಾಡಿನದು. ಮನುಷ್ಯನೊಬ್ಬ ನೆಮ್ಮದಿಯಾಗಿ ಬದುಕಲು ಕನಿಷ್ಠ ಎಷ್ಟು ಜಾಗ, ಎಷ್ಟು ಬೆಳಕು, ಎಷ್ಟು ಗಾಳಿ ಬೇಕು ಎಂಬುದು ಅಲ್ಲಿ ಚರ್ಚೆಗೆ ಬಂದಿತ್ತು. ಯುದ್ಧದ ತರುವಾಯ ಮನೆಯಿಲ್ಲದೆ ಪರದಾಡುತ್ತಿದ್ದ ಕಾರ್ಮಿಕರು ಆ ಚರ್ಚೆಯ ಕೇಂದ್ರದಲ್ಲಿದ್ದರು.

ಇನ್ನೊಂದು ವಿಷಯ. ಬರಿದು ಎಂದರೆ ಬಿಳಿ ಎಂದು ಟೌಟ್ ತಿಳಿದಿರಲಿಲ್ಲ. ಅವರು ಕಟ್ಟಿಸಿದ ಬರ್ಲಿನ್‌ನ ವಸತಿ ಸಮುಚ್ಚಯಗಳಲ್ಲಿ ಗಾಢ ಕೆಂಪು, ನೀಲಿ, ಹಳದಿ ಬಣ್ಣಗಳಿವೆ. ಕೆಮ್ಮಣ್ಣಿನ ಕಾರಣೆ ಎಳೆದು ಸುಣ್ಣ ಬಳಿದ ನಮ್ಮ ಗೋಡೆಗಳನ್ನು, ಮಾಡದಲ್ಲಿ ಕೂತ ಕಿನ್ನಾಳದ ಬಣ್ಣದ ಗೊಂಬೆಯನ್ನು ಕಂಡಿದ್ದರೆ ಅವರೇನೂ ಮುಖ ತಿರುಗಿಸುತ್ತಿರಲಿಲ್ಲ ಎಂದು ಈ ಬರಹಗಾರನ ಊಹೆ.

ಬಾಗಿಲಿನ ಮೇಲೆ ಪ್ರಬಂಧ

1933 ಕೋನಿಗ್ಸ್‌ಬರ್ಗರ್ ಬಾಳನ್ನು ಎರಡು ಹೋಳು ಮಾಡಿತು. ಯುವ ವಾಸ್ತುಶಿಲ್ಪಿಗಳಿಗೆ ಜರ್ಮನಿ ಕೊಡುತ್ತಿದ್ದ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ಅವರಿಗೆ ಬಂದದ್ದು ಆ ವರ್ಷ. ಹಿಟ್ಲರ್ ಅಧಿಕಾರಕ್ಕೆ ಬಂದು, ಯಹೂದಿಗಳನ್ನು ಸರ್ಕಾರಿ ಸೇವೆಯಿಂದ ಹೊರಹಾಕುವ ಕಾನೂನು ಬಂದದ್ದೂ ಅದೇ ವರ್ಷ. ಪ್ರಶಸ್ತಿ ಕೈಯಲ್ಲಿದ್ದಾಗಲೇ ನೌಕರಿ ಹೋಯಿತು. ಅವರ ಗುರು ಟೌಟ್ ಜಪಾನಿಗೆ ಹೋದರು. ಸೋದರಮಾವ ಬಾರ್ನ್ ಗಟ್ಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡು ಇಂಗ್ಲೆಂಡ್ ಸೇರಿದರು. 25ರ ಹರೆಯದ ಕೋನಿಗ್ಸ್‌ಬರ್ಗರ್ ಈಜಿಪ್ಟ್‌ಗೆ ಹೊರಟರು.

ಕೈರೊದಲ್ಲಿ ಅವರಿಗೆ ಆಸರೆಯಾದವರು ಲುಡ್ವಿಗ್ ಬೋರ್ಕಾರ್ಟ್. ರಾಣಿ ನೆಫರ್ಟೀಟಿಯ ಪ್ರಸಿದ್ಧ ಶಿಲ್ಪವನ್ನು ಮರಳಿನಿಂದ ಹೊರತೆಗೆದ ಪುರಾತತ್ವಜ್ಞ ಇವರೇ. ಅವರ ಸಂಸ್ಥೆಯಲ್ಲಿ ಪ್ರಾಚೀನ ಕಟ್ಟಡಗಳ ಅಳತೆ, ನಕ್ಷೆಯ ಕೆಲಸ ಮಾಡುತ್ತ ಕೋನಿಗ್ಸ್‌ಬರ್ಗರ್ ಡಾಕ್ಟರೇಟ್ ಪ್ರಬಂಧವನ್ನೂ ಬರೆದರು. ವಿಷಯ, ಪ್ರಾಚೀನ ಈಜಿಪ್ಟಿನ ಬಾಗಿಲಿನ ರಚನೆ. ಆಧುನಿಕ ವಾಸ್ತುಶಿಲ್ಪದ ಬಿಸಿಬಿಸಿ ವಾದಗಳ ನಡುವೆ ಬೆಳೆದ ತರುಣನೊಬ್ಬ ಸಾವಿರಾರು ವರ್ಷ ಹಳೆಯ ಕದ, ತಿರುಗಣಿ, ಅಗುಳಿಗಳ ಮುಂದೆ ವರ್ಷಗಟ್ಟಲೆ ಕೂತದ್ದು ಮೇಲ್ನೋಟಕ್ಕೆ ವಿಚಿತ್ರ. ಆದರೆ ಮರಳುಗಾಡಿನ ಬಿಸಿಲಿನಲ್ಲಿ ದಪ್ಪ ಗೋಡೆ ಏಕೆ, ಸಣ್ಣ ಕಿಂಡಿ ಏಕೆ ಎಂಬುದನ್ನು ಪುಸ್ತಕವಿಲ್ಲದೆ ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇರಲಿಲ್ಲ.

ಮಿರ್ಜಾ ಅವರ ಆಹ್ವಾನ

ಸರ್ ಸಿ.ವಿ. ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, 1935-36ರಲ್ಲಿ ಮ್ಯಾಕ್ಸ್ ಬಾರ್ನ್ ಅವರನ್ನು ಅಲ್ಲಿಗೆ ಕರೆಸಿಕೊಂಡಿದ್ದರು. ಬಾರ್ನ್ ಅವರಿಗೆ ಇಲ್ಲಿ ಕಾಯಂ ಹುದ್ದೆ ದಕ್ಕಲಿಲ್ಲ, ಅದು ಬೇರೆ ಕಥೆ. ಆದರೆ ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಪರಿಚಯವಾಯಿತು. ಸಂಸ್ಥಾನಕ್ಕೊಬ್ಬ ವಾಸ್ತುಶಿಲ್ಪಿ ಬೇಕಾದಾಗ ಬಾರ್ನ್ ಸೋದರಳಿಯನ ಹೆಸರು ಸೂಚಿಸಿದರು. 1939ರಲ್ಲಿ, ಎರಡನೇ ಮಹಾಯುದ್ಧ ಆರಂಭವಾದ ವರ್ಷ, ಕೋನಿಗ್ಸ್‌ಬರ್ಗರ್ ಮೈಸೂರು ಸರ್ಕಾರದ ಸೇವೆಗೆ ಸೇರಿದರು.

ಇಬ್ಬರ ಅಭಿರುಚಿಯೂ ಬೇರೆ. ಬೃಂದಾವನ ಉದ್ಯಾನದ ಕಾರಂಜಿಗಳನ್ನು, ಬೆಂಗಳೂರು ಮೈಸೂರಿನ ವೃತ್ತಗಳನ್ನು ಅಂದಗೊಳಿಸಿದ ಮಿರ್ಜಾ ಅವರಿಗೆ ಗುಮ್ಮಟ, ಕಮಾನು, ಕೆತ್ತನೆಯ ಕಟಾಂಜನ ಪ್ರಿಯ. ಬರ್ಲಿನ್‌ನಲ್ಲಿ ಕಲಿತವರಿಗೆ ಅಲಂಕಾರವೆಂದರೆ ಒರೆಸಬೇಕಾದ ದೂಳು. ಆದರೂ ದಿವಾನರು ಕೆಲಸ ಕೊಟ್ಟರು, ವಾಸ್ತುಶಿಲ್ಪಿ ಮಾಡಿದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಆ ಆರಂಭದ ವರ್ಷಗಳದು. 1941ರಲ್ಲಿ ಮಿರ್ಜಾ ದಿವಾನಗಿರಿ ಬಿಟ್ಟ ಮೇಲೆ ಕೋನಿಗ್ಸ್‌ಬರ್ಗರ್ ಕಟ್ಟಡಗಳು ಇನ್ನಷ್ಟು ಸರಳವಾದವು. ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನ ಎಂಜಿನಿಯರಿಂಗ್ ವಿಭಾಗ, ಲೋಹಶಾಸ್ತ್ರ ವಿಭಾಗ, ಊಟದ ಮನೆ ಮತ್ತು ಸಭಾಂಗಣ ಅವರ ವಿನ್ಯಾಸದವು.

ಈ ಒಂಬತ್ತು ವರ್ಷಗಳಲ್ಲಿ ಅವರ ಯೋಚನೆ ಮಗ್ಗುಲು ಬದಲಿಸಿತು. ಯುರೋಪಿನ ಹೊಸ ಮನೆ ಬಿಸಿಲಿಗಾಗಿ ಹಂಬಲಿಸುತ್ತದೆ. ಅಲ್ಲಿ ದೊಡ್ಡ ಗಾಜಿನ ಕಿಟಕಿ, ಚಪ್ಪಟೆ ಗೋಡೆ, ಸೂರಿಲ್ಲದ ಪೆಟ್ಟಿಗೆಯಂಥ ಆಕಾರ ಸರಿ. ಅದನ್ನೇ ಇಲ್ಲಿ ತಂದು ನಿಲ್ಲಿಸಿದರೆ ಒಳಗಿದ್ದವರು ಬೇಯುತ್ತಾರೆ. ಬೆಂದವರು ಪರದೆ ತೂಗುಹಾಕುತ್ತಾರೆ, ತಟ್ಟಿ ಕಟ್ಟುತ್ತಾರೆ, ಮಳೆಯ ಎರಚಲಿಗೆ ತಗಡು ಸಿಕ್ಕಿಸುತ್ತಾರೆ. ಬರಿಯ ಕೋಣೆ ತಿಂಗಳೊಪ್ಪತ್ತಿನಲ್ಲಿ ತುಂಬಿಹೋಗುತ್ತದೆ. ಕೋಣೆ ಖಾಲಿಯಾಗಿ ಉಳಿಯಬೇಕಾದರೆ ಬಿಸಿಲು, ಮಳೆ, ಗಾಳಿಯ ಲೆಕ್ಕ ಗೋಡೆಯ ಹೊರಗೇ ತೀರಬೇಕು. ಮುಂಚಾಚಿದ ಸೂರು, ಜಗುಲಿ, ಎದುರುಬದುರು ಕಿಟಕಿ, ಬಿಸಿಗಾಳಿ ಹೊರಹೋಗಲು ಮೇಲೊಂದು ದಾರಿ ಇವೆಲ್ಲ ಅಲಂಕಾರವಲ್ಲ, ಆದರೆ ತೆಗೆದುಹಾಕಬಹುದಾದವೂ ಅಲ್ಲ. ಬೆಂಗಳೂರಿನಲ್ಲಿ ಗಟ್ಟಿಯಾದ ಈ ತಿಳಿವಳಿಕೆ ಕೊನೆಯವರೆಗೂ ಅವರ ಕೈಬಿಡಲಿಲ್ಲ.

ಅವರ ಹೆಸರು ಸಂಸ್ಥಾನದ ಗಡಿ ದಾಟಲು ಹೆಚ್ಚು ಕಾಲ ಬೇಕಾಗಲಿಲ್ಲ. ಟಾಟಾ ಸಂಸ್ಥೆ ಜಮ್ಶೆಡ್‌ಪುರದ ಅಭಿವೃದ್ಧಿ ಯೋಜನೆಯನ್ನು ಅವರಿಂದ ಬರೆಸಿತು. 1946ರಲ್ಲಿ ಮುಲ್ಕ್ ರಾಜ್ ಆನಂದ್ ಮುಂಬೈಯಲ್ಲಿ ಆರಂಭಿಸಿದ ಮಾರ್ಗ್ ಪತ್ರಿಕೆಯ ಬಳಗದಲ್ಲಿ ಅವರಿದ್ದರು. 1948ರಲ್ಲಿ ಒಡಿಶಾದ ಹೊಸ ರಾಜಧಾನಿ ಭುವನೇಶ್ವರಕ್ಕೆ ನಕ್ಷೆ ಹಾಕಿಕೊಟ್ಟರು.

ಬಿರುಕು ಬಿಟ್ಟ ಗೋಡೆ

ಸ್ವಾತಂತ್ರ್ಯದ ಬೆನ್ನಿಗೇ ಬಂದ ದೇಶ ವಿಭಜನೆ ಲಕ್ಷಾಂತರ ಕುಟುಂಬಗಳನ್ನು ಬೀದಿಗೆ ತಳ್ಳಿತ್ತು. 1948ರಲ್ಲಿ ಕೋನಿಗ್ಸ್‌ಬರ್ಗರ್ ಕೇಂದ್ರದ ಆರೋಗ್ಯ ಸಚಿವಾಲಯದಲ್ಲಿ ವಸತಿ ನಿರ್ದೇಶಕರಾದರು. ಆಗ ಸಚಿವೆ ರಾಜಕುಮಾರಿ ಅಮೃತ್ ಕೌರ್. ಸ್ವತಃ ಮನೆ ಕಳೆದುಕೊಂಡವರಿಗೆ ಮನೆ ಕಳೆದುಕೊಂಡವರಿಗಾಗಿ ಮನೆ ಕಟ್ಟುವ ಹೊಣೆ ಬಂತು. ಫರೀದಾಬಾದ್, ಗಾಂಧಿಧಾಮದಂಥ ನಿರಾಶ್ರಿತರ ಹೊಸ ಪಟ್ಟಣಗಳ ಕೆಲಸದಲ್ಲಿ ಅವರು ತೊಡಗಿದರು. ಫರೀದಾಬಾದ್‌ನಲ್ಲಿ ವಾಯವ್ಯ ಗಡಿ ಪ್ರಾಂತ್ಯದಿಂದ ಬಂದವರನ್ನು ಸಂಘಟಿಸಿ ಅವರ ಕೈಯಿಂದಲೇ ಊರು ಕಟ್ಟಿಸಲು ಶ್ರಮಿಸಿದವರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮುಂಚೂಣಿಯಲ್ಲಿದ್ದರು ಎಂಬುದನ್ನು ಕನ್ನಡಿಗರು ನೆನೆಯಬಹುದು.

ಕೋನಿಗ್ಸ್‌ಬರ್ಗರ್ ಹೆಚ್ಚು ಭರವಸೆ ಇಟ್ಟದ್ದು ಮಾತ್ರ ಬೇರೆಡೆ. ಮನೆಯ ಗೋಡೆ, ಸೂರುಗಳ ಫಲಕಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು, ನಿವೇಶನಕ್ಕೆ ಸಾಗಿಸಿ ಜೋಡಿಸಿದರೆ ಸಾವಿರಾರು ಮನೆಗಳನ್ನು ಬೇಗ ಎಬ್ಬಿಸಬಹುದು ಎಂಬುದು ಲೆಕ್ಕ. ದೆಹಲಿಯ ಜಂಗ್‌ಪುರದಲ್ಲಿ ಬ್ರಿಟಿಷ್ ತಂತ್ರಜ್ಞಾನದ ಸರ್ಕಾರಿ ಗೃಹ ಕಾರ್ಖಾನೆ ತಲೆಯೆತ್ತಿತು. ಕಾಗದದ ಮೇಲೆ ಅದು ಬರ್ಲಿನ್‌ನ ಕನಸಿನ ಭಾರತೀಯ ರೂಪ: ಅಗ್ಗದ, ಸರಳವಾದ, ಒಂದೇ ಅಳತೆಯ, ಎಲ್ಲರಿಗೂ ನಿಲುಕುವ ಮನೆ.

ಆಗಿದ್ದೇ ಬೇರೆ. ಫಲಕಗಳು ಬಿರುಕು ಬಿಟ್ಟವು. ಅಗ್ಗವಾಗಬೇಕಿದ್ದ ಮನೆ ದುಬಾರಿಯಾಯಿತು. ಸಂಸತ್ತಿನಲ್ಲಿ ಪ್ರಶ್ನೆಗಳ ಸುರಿಮಳೆಯಾಯಿತು, ಪತ್ರಿಕೆಗಳು ಬಿಡಲಿಲ್ಲ. ಇಟ್ಟಿಗೆ ಸುಡುವವರೂ ಗೋಡೆ ಕಟ್ಟುವವರೂ ಬೇಕಾದಷ್ಟಿರುವ ದೇಶದಲ್ಲಿ, ಇನ್ನೊಂದು ದೇಶದ ಹವೆಗೂ ಕೂಲಿ ದರಕ್ಕೂ ಹುಟ್ಟಿದ ಯಂತ್ರವನ್ನು ತಂದು ನಿಲ್ಲಿಸಿದ್ದು ಈ ಬಾಳಿನ ದೊಡ್ಡ ತಪ್ಪು ಎಂದರೆ ಅನ್ಯಾಯವಾಗದು. ಬೆಂಗಳೂರಿನಲ್ಲಿ ಕಲಿತದ್ದನ್ನು ದೆಹಲಿಯ ತುರ್ತು ಮರೆಸಿತ್ತು. ಕೋನಿಗ್ಸ್‌ಬರ್ಗರ್ 1951ರಲ್ಲಿ ಹುದ್ದೆ ಬಿಟ್ಟು ಲಂಡನ್‌ಗೆ ತೆರಳಿದರು. ಕಾರ್ಖಾನೆ ಮಾತ್ರ ಮುಚ್ಚಿಹೋಗಲಿಲ್ಲ. ಕೈಬದಲಾಗಿ, ಹಿಂದುಸ್ತಾನ್ ಹೌಸಿಂಗ್ ಫ್ಯಾಕ್ಟರಿಯಾಗಿ, 1978ರಲ್ಲಿ ಹಿಂದುಸ್ತಾನ್ ಪ್ರಿಫ್ಯಾಬ್ ಎಂಬ ಹೆಸರು ಪಡೆಯಿತು.

ಮೂರನೆಯ ಬಾರಿ ಊರು ಬಿಟ್ಟಾಗ ಅವರಿಗೆ 40 ದಾಟಿತ್ತು. ಸೋತ ಅಧಿಕಾರಿಗಳು ಸಾಮಾನ್ಯವಾಗಿ ಸಮರ್ಥನೆಯ ಆತ್ಮಕಥೆ ಬರೆಯುತ್ತಾರೆ. ಇವರು ಪಾಠ ಹೇಳಲು ಕುಳಿತರು.

ಕೋಷ್ಟಕದಲ್ಲಿ ಯಲಬುರ್ಗಾ

ಲಂಡನ್‌ನಲ್ಲಿ ಅಂದು ವಾಸ್ತುಶಿಲ್ಪ ಕಲಿಯುತ್ತಿದ್ದ ಏಷ್ಯಾ, ಆಫ್ರಿಕಾದ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದದ್ದು ಚಳಿ ನಾಡಿನ ಮನೆ ಕಟ್ಟುವುದನ್ನು. ನೈಜೀರಿಯಾದ ವಿದ್ಯಾರ್ಥಿಯೊಬ್ಬನ ಒತ್ತಾಯದಿಂದ 1953ರಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ಬಗ್ಗೆ ಸಮ್ಮೇಳನ ನಡೆಯಿತು. ಮರುವರ್ಷ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಅದಕ್ಕೆಂದೇ ವಿಭಾಗ ತೆರೆಯಿತು. 1957ರಿಂದ ಅದನ್ನು ಮುನ್ನಡೆಸಿದವರು ಕೋನಿಗ್ಸ್‌ಬರ್ಗರ್. 1971ರಲ್ಲಿ ಈ ವಿಭಾಗ ಲಂಡನ್‌ನ ಯೂನಿವರ್ಸಿಟಿ ಕಾಲೇಜಿಗೆ ಸ್ಥಳಾಂತರಗೊಂಡು, ಅಭಿವೃದ್ಧಿ ಯೋಜನಾ ಘಟಕವೆಂದು ಹೆಸರಾಯಿತು.

ಸಹೋದ್ಯೋಗಿ ಕಾರ್ಲ್ ಮಹೋನಿ ಅವರೊಂದಿಗೆ ರೂಪಿಸಿದ, 1971ರಲ್ಲಿ ವಿಶ್ವಸಂಸ್ಥೆಯ ಪ್ರಕಟಣೆಯ ಮೂಲಕ ಹೊರಬಂದ ಕೋಷ್ಟಕಗಳು ಆ ಕಾಲದ ದೊಡ್ಡ ಫಲ. ವಿಧಾನ ಸರಳ. ಊರೊಂದರ ಹನ್ನೆರಡು ತಿಂಗಳ ಉಷ್ಣಾಂಶ, ತೇವಾಂಶ, ಮಳೆ, ಗಾಳಿಯ ಅಂಕಿಗಳನ್ನು ತುಂಬಬೇಕು. ಎಷ್ಟು ತಿಂಗಳು ಒಣಸೆಕೆ, ಎಷ್ಟು ತಿಂಗಳು ತೇವದ ಸೆಕೆ ಎಂದು ಎಣಿಸಬೇಕು. ಎಣಿಕೆಗೆ ತಕ್ಕಂತೆ ಮನೆ ಯಾವ ದಿಕ್ಕಿಗಿರಬೇಕು, ಗೋಡೆ ದಪ್ಪವೋ ತೆಳುವೋ, ಕಿಟಕಿ ಎಷ್ಟು ದೊಡ್ಡದು ಎಂಬ ಸಲಹೆ ಸಿಗುತ್ತದೆ. ಕಂಪ್ಯೂಟರ್ ಬೇಡ, ಪೆನ್ಸಿಲ್ ಸಾಕು. ತೇವದ ಸೆಕೆಯ ಊರಾದರೆ ಗೋಡೆಯ ಶೇ 40ರಿಂದ 80ರಷ್ಟು ಭಾಗ ತೆರೆದಿರಲಿ ಎನ್ನುತ್ತದೆ ಕೋಷ್ಟಕ. ಮಂಗಳೂರಿನವರಿಗೆ ಇದು ಅರ್ಥವಾಗುತ್ತದೆ. ಒಣಸೆಕೆಯೇ ವರ್ಷದ ಬಹುಪಾಲು ಆಳುವ ಊರಾದರೆ ತೆರವು ಶೇ 10ರಿಂದ 20ಕ್ಕೆ ಇಳಿಯಬೇಕು. ಮನೆಗಳು ಒತ್ತಾಗಿರಬೇಕು. ಗೋಡೆ, ಮಾಳಿಗೆಗಳು ಭಾರವಾಗಿದ್ದು, ಹೊರಗಿನ ಕಾವು ಒಳಮುಟ್ಟಲು ಎಂಟು ತಾಸಿಗೂ ಹೆಚ್ಚು ಹಿಡಿಯುವಂತಿರಬೇಕು. ರಾತ್ರಿ ಹೊರಗೆ ಮಲಗಲು ಜಾಗ ಬೇಕು.

ಇಲ್ಲಿ ಬೇವೂರಿಗೆ ಮರಳೋಣ. ಕೋನಿಗ್ಸ್‌ಬರ್ಗರ್ ಮೈಸೂರಿನಲ್ಲಿದ್ದಾಗ ಇದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ ಸೀಮೆ, ಅವರ ಅಧಿಕಾರದ ಎಲ್ಲೆಯಾಚೆ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ, ಮಳೆ ಕಡಿಮೆ. ಆ ಬಿಸಿಲಿಗೆ ಇಲ್ಲಿನವರು ಕೊಟ್ಟ ಉತ್ತರ ಮೊಳಗಟ್ಟಲೆ ದಪ್ಪದ ಕಲ್ಲು-ಮಣ್ಣಿನ ಗೋಡೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣಿನ ಮೇಲ್ಮುದ್ದೆ, ಅದರ ಮೇಲೆ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು. ಗೋಡೆಯಲ್ಲಿ ಕಿಟಕಿ ಅಪರೂಪ, ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಬೇಸಿಗೆಯ ರಾತ್ರಿ ಮನೆಮಂದಿಯ ಹಾಸಿಗೆ ಮಾಳಿಗೆಯ ಮೇಲೆ. ಲಂಡನ್‌ನ ಕೋಷ್ಟಕ ಒಣಸೆಕೆಯ ನಾಡಿಗೆ ಹೇಳುವ ಒಂದೊಂದು ಮಾತೂ ಇಲ್ಲಿ ಅಕ್ಷರ ಬಲ್ಲದ ಉಪ್ಪಾರರ, ಗೌಂಡಿಗಳ ಕೈಯಲ್ಲಿ ಮೊದಲೇ ಆಗಿಹೋಗಿತ್ತು. ಗೋಡೆಯೇ ಇಷ್ಟು ಕೆಲಸ ಮಾಡುವಾಗ ಒಳಗೆ ಹೆಚ್ಚಿನ ಸಾಮಾನು ಬೇಡ. ದಪ್ಪ ಗೋಡೆಯಲ್ಲೇ ಮಾಡ ಕೊರೆದರೆ ಕಪಾಟು ಬೇಡ, ನಾಗಂದಿಗೆಯಿದ್ದರೆ ಬೀರು ಬೇಡ, ಕಟ್ಟೆಯಿದ್ದರೆ ಕುರ್ಚಿ ಬೇಡ.

ಆ ಮನೆಗಳನ್ನು ಬರೀ ಹೊಗಳಿದರೆ ಸತ್ಯಕ್ಕೆ ಅಪಚಾರ. ಅವುಗಳಲ್ಲಿ ಬೆಳಕು ಸಾಲದು, ಒಲೆಯ ಹೊಗೆ ಕಣ್ಣು ಸುಡುತ್ತದೆ, ಅಡ್ಡಮಳೆ ಹಿಡಿದರೆ ಮಾಳಿಗೆ ಸೋರುತ್ತದೆ, ಕೆಲವೊಮ್ಮೆ ಕುಸಿದು ಜೀವವನ್ನೂ ತೆಗೆಯುತ್ತದೆ. ಖಾಲಿತನದ ಹಿಂದೆ ಬಡತನವೂ ಇತ್ತು. ಆದ್ದರಿಂದಲೇ ಕೈಯಲ್ಲಿ ನಾಲ್ಕು ಕಾಸು ಆಡಿದೊಡನೆ ಜನ ಮಣ್ಣಿನ ಮಾಳಿಗೆ ತೆಗೆದು ಆರ್‌ಸಿಸಿ ಹಾಕಿಸುತ್ತಾರೆ, ಅದು ತಪ್ಪೂ ಅಲ್ಲ. ಆದರೆ ತೆಳು ಕಾಂಕ್ರೀಟ್ ಹಲಗೆ ಹಗಲಿನ ಕಾವನ್ನು ಸಂಜೆಗೇ ಒಳಗೆ ಸುರಿಯುತ್ತದೆ. ಫ್ಯಾನ್ ಬರುತ್ತದೆ, ಕೂಲರ್ ಬರುತ್ತದೆ, ಪರದೆ, ಮೇಲ್ಛಾವಣಿಗೆ ತಗಡು ಬರುತ್ತವೆ. ಹಳೆಯ ಮನೆಯನ್ನು ಹೊಸತಾಗಿ ಮಾರ್ಪಡಿಸುವ ನಗರದ ವಿನ್ಯಾಸಕಾರರು ಮಾಡುವ ತಪ್ಪೂ ಇದೇ ಜಾತಿಯದು. ಜಗುಲಿ ಮುಚ್ಚಿ ಕೋಣೆಗೆ ಸೇರಿಸಿಕೊಂಡು, ಸೂರು ಕತ್ತರಿಸಿ, ಗಾಜು ಹಾಕಿ, ಆಮೇಲೆ ಒಳಗೆ ಸರಳತೆ ಹುಡುಕುತ್ತಾರೆ.

ಕೋನಿಗ್ಸ್‌ಬರ್ಗರ್ ಅವರ ಮುಂದಿನ ಕೆಲಸದಲ್ಲಿ ದೆಹಲಿಯ ಸೋಲಿನ ನೆನಪು ಎದ್ದು ಕಾಣುತ್ತದೆ. 1950ರ ದಶಕದಲ್ಲಿ ವಿಶ್ವಸಂಸ್ಥೆಯ ತಂಡದೊಡನೆ ಘಾನಾಕ್ಕೆ ಹೋದಾಗ ಅವರು ಕಾರ್ಖಾನೆಯ ಮಾತೆತ್ತಲಿಲ್ಲ. ಅಲ್ಲಿಯ ಜನ ಮಣ್ಣಿನ ಗೋಡೆಯನ್ನು ತಾವೇ ಎಬ್ಬಿಸಬಲ್ಲರು, ತೊಡಕಾಗುವುದು ಸೂರಿಗೆ, ಬಾಗಿಲು ಕಿಟಕಿಗೆ. ಆದ್ದರಿಂದ ಸರ್ಕಾರ ಅಷ್ಟಕ್ಕೆ ಮಾತ್ರ ಸಾಲ ಕೊಡಲಿ ಎಂದು ತಂಡ ಸಲಹೆ ಮಾಡಿತು. ಈಜಿಪ್ಟಿನ ಬಾಗಿಲಿನ ಬಗ್ಗೆ ಪ್ರಬಂಧ ಬರೆದವರು ಇಪ್ಪತ್ತು ವರ್ಷಗಳ ನಂತರ ಆಫ್ರಿಕಾದ ಬಾಗಿಲಿಗೆ ಸಾಲ ಕೊಡಿಸಿದರು. 1963ರಲ್ಲಿ ಸಿಂಗಪುರದ ಬೆಳವಣಿಗೆಗೆ ಸಲಹೆ ನೀಡಿದ ವಿಶ್ವಸಂಸ್ಥೆಯ ಮೂವರ ತಂಡದಲ್ಲಿಯೂ ಅವರಿದ್ದರು. ಇಪ್ಪತ್ತು ವರ್ಷದ ಮುಂದಿನ ಚಿತ್ರ ಬರೆದಿಟ್ಟು ಕಾಯುವ ಮಹಾಯೋಜನೆಗಳಲ್ಲಿ ಅವರಿಗೆ ನಂಬಿಕೆ ಉಳಿದಿರಲಿಲ್ಲ. ಇಂದಿನ ತೊಡಕನ್ನು ಇಂದೇ ಬಿಡಿಸುತ್ತ ಮುಂದೆ ಸಾಗುವ ಯೋಜನೆಯೇ ಬೆಳೆಯುವ ನಗರಗಳಿಗೆ ಸರಿ ಎಂದು ಅವರು ವಾದಿಸಿದರು.

1970ರ ದಶಕದ ಆದಿಭಾಗದಲ್ಲಿ ಮೂವರು ಸಹಲೇಖಕರೊಡನೆ ಅವರು ಹೊರತಂದ ಉಷ್ಣವಲಯದ ವಸತಿ ನಿರ್ಮಾಣದ ಕೈಪಿಡಿ ಭಾರತದ ವಾಸ್ತುಶಿಲ್ಪ ಕಾಲೇಜುಗಳಲ್ಲಿ ದಶಕಗಳ ಕಾಲ ಪಠ್ಯದಂತೆ ಬಳಕೆಯಾಗಿದೆ. ಮೈಸೂರು ಸಂಸ್ಥಾನಕ್ಕೆ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದವರೇ ಇದರ ಮೊದಲ ಲೇಖಕ ಎಂದು ತಿಳಿಯದೆಯೇ ಅದನ್ನು ಓದಿ ಪರೀಕ್ಷೆ ಬರೆದ ಕನ್ನಡಿಗರು ಎಷ್ಟೋ.

ಕೋನಿಗ್ಸ್‌ಬರ್ಗರ್ 1999ರ ಜನವರಿಯಲ್ಲಿ ಲಂಡನ್‌ನಲ್ಲಿ ನಿಧನರಾದರು. ಆಗ ಅವರಿಗೆ 90 ವರ್ಷ. ಅದಕ್ಕೆ ಎರಡು ವರ್ಷ ಮೊದಲು, 1997ರಲ್ಲಿ, ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಹೊಸ ಜಿಲ್ಲೆಯಾಗಿತ್ತು. ಯಲಬುರ್ಗಾ ಸೀಮೆಯ ಊರುಗಳಲ್ಲಿ ಮಣ್ಣಿನ ಮಾಳಿಗೆಗಳು ಒಂದೊಂದಾಗಿ ಇಳಿದು ಕಾಂಕ್ರೀಟ್ ಏರುತ್ತಿದ್ದ ಕಾಲವದು. ಆ ಹೊಸ ಮನೆಗಳಲ್ಲೂ ಮೇ ತಿಂಗಳ ರಾತ್ರಿ ಕರೆಂಟು ಹೋದರೆ ಜನ ಚಾಪೆ, ಕೌದಿ ಹಿಡಿದು ಮಾಳಿಗೆ ಹತ್ತುತ್ತಾರೆ.